ಸೋಮವಾರ ಕೆಮ್ಮುವ ಮೋಟಾರು

ನನಗೊಂದು ಚಟವಿದೆ. ಎಲ್ಲಿ ಕೂತರೂ ಸಪ್ಪಳ ಎಣಿಸುತ್ತೇನೆ. ಇದರ ತಪ್ಪನ್ನು ನನ್ನ ಮೇಲೆ ಹಾಕಬೇಡಿ, ಊರಿನ ಮೇಲೆ ಹಾಕಿರಿ. ಇಳಕಲ್ಲಿನಲ್ಲಿ ಹುಟ್ಟಿದ ಕೂಸಿನ ಕಿವಿಗೆ ತಾಯಿಯ ಜೋಗುಳಕ್ಕಿಂತ ಮೊದಲು ಪಕ್ಕದ ಮನೆಯ ಮಗ್ಗದ ಸಪ್ಪಳ ಬೀಳುತ್ತದೆ. ಓಣಿಯಲ್ಲಿ ನಡೆದು ಹೋಗುವಾಗ, ಬಾಗಿಲು ಮುಚ್ಚಿದ್ದರೂ, ಒಳಗೆ ಎಳೆ ಹರಿದಿದೆಯೋ, ನೇಯುವವನಿಗೆ ನಿದ್ದೆ ಬರುತ್ತಿದೆಯೋ, ಹೆಂಡತಿಯ ಮೇಲಿನ ಸಿಟ್ಟನ್ನು ಅವನು ಮಗ್ಗದ ಮೇಲೆ ತೀರಿಸಿಕೊಳ್ಳುತ್ತಿದ್ದಾನೆಯೋ, ನಾನು ನಿಂತ ನಿಲುವಿನಲ್ಲಿ ಹೇಳಬಲ್ಲೆ. ಮನೆಯಲ್ಲೂ ಅದೇ ಗತಿ. ನನ್ನಾಕೆ ರೊಟ್ಟಿ ಬಡಿಯುತ್ತಿದ್ದರೆ ಪಡಸಾಲೆಯಲ್ಲಿ ಕೂತು ಎಷ್ಟನೆಯ ರೊಟ್ಟಿ ಎಂದು ಹೇಳುತ್ತೇನೆ. ಆಕೆಗೆ ಇದು ಸೇರುವುದಿಲ್ಲ.

ಇನ್ನೊಂದು ಚಟ ದಿನಚರಿಯದು. ಸಣ್ಣ ಸಣ್ಣದನ್ನೆಲ್ಲ ಬರೆದಿಡುತ್ತೇನೆ. ಬೆಳಿಗ್ಗೆ ಇಬ್ಬನಿ ಬಿದ್ದಿತ್ತೋ ಇಲ್ಲವೋ, ಗಾಳಿ ಎತ್ತ ಕಡೆಯದು, ಬಾವಿಯ ಹಗ್ಗ ಯಾವಾಗ ಬದಲಾಯಿಸಿದೆವು, ಮಧ್ಯಾಹ್ನಕ್ಕೆ ಝುಣಕವೋ ಪುಂಡಿಪಲ್ಯವೋ. ಇದನ್ನು ಓದಿ ಉದ್ಧಾರವಾಗುವವರು ಯಾರು ಎಂದು ನನ್ನ ಅಣ್ಣ ಕೇಳುತ್ತಿದ್ದ. ಯಾರೂ ಇಲ್ಲ ಎಂದು ನಾನೂ ಒಪ್ಪಿಕೊಳ್ಳುತ್ತಿದ್ದೆ. ಆದರೆ ನನ್ನ ಮೋಟಾರು ಇವತ್ತು ನನ್ನ ಅಂಗಳದಲ್ಲಿ ನಿಂತಿರುವುದು ಈ ಎರಡು ಚಟಗಳಿಂದ. ಅದಕ್ಕಿಂತ ಹೆಚ್ಚಾಗಿ ಮೂರನೆಯದೊಂದರಿಂದ. ಅದಕ್ಕೆ ನಮ್ಮ ಕಡೆ ಹಟ ಎನ್ನುತ್ತಾರೆ. ಅದು ನನಗೆ ಅವ್ವನಿಂದ ಬಂದದ್ದು.

ನಮ್ಮದು ಸೀರೆಯ ವ್ಯಾಪಾರ. ಅಣ್ಣ ಅಂಗಡಿಯಲ್ಲಿ ಕೂರುತ್ತಾನೆ, ನಾನು ತಿರುಗುತ್ತೇನೆ. ಸುತ್ತಲಿನ ಊರುಗಳ ನೇಕಾರರಿಂದ ಸೀರೆ ಕೂಡಿಸಿ, ಗಂಟು ಕಟ್ಟಿ, ಹುನಗುಂದದ ಮೇಲೆ ಬಾಗಲಕೋಟೆಯ ರೇಲ್ವೆ ಸ್ಟೇಶನ್ನಿಗೆ ಮುಟ್ಟಿಸುವುದು ನನ್ನ ಕೆಲಸ. ಚಕ್ಕಡಿಯಲ್ಲಿ ಇಪ್ಪತ್ತು ವರ್ಷ ತಿರುಗಿದೆ. ಬೆನ್ನಿನ ಎಲುಬು ಒಂದೊಂದೂ ತನ್ನ ಹೆಸರು ಹೇಳತೊಡಗಿದ ಮೇಲೆ, ಬಾಗಲಕೋಟೆ ಬಿಟ್ಟು ಹೊರಟಿದ್ದ ರಸ್ತೆ ಕೆಲಸದ ಸಾಹೇಬನೊಬ್ಬನಿಂದ ಹಳೆಯ ಮೋಟಾರು ಕೊಂಡೆ. ಹಳೆಯದೆಂದರೆ ಜರ್ಮನ್ ಲಡಾಯಿಗಿಂತ ಮೊದಲು ಹುಟ್ಟಿದ್ದು. ಕಟ್ಟಿಗೆಯ ಅರಗಳ ಗಾಲಿ, ಮುಂದೆ ಹಿತ್ತಾಳೆಯ ಅಗಲ ಮುಖ, ಎರಡೂ ಬದಿಗೆ ಕಣ್ಣಿನಂತೆ ದೀಪ. ಬೆಳಿಗ್ಗೆ ಬೂದಿ ಹುಣಸೆಹಣ್ಣು ಹಚ್ಚಿ ಆ ಮುಖ ತಿಕ್ಕಿದರೆ ನಿಮ್ಮ ಮೋರೆ ನಿಮಗೆ ಕಾಣಬೇಕು. ನನ್ನ ಮೋರೆ ಕಾಣುತ್ತಿತ್ತು, ಸ್ವಲ್ಪ ಅಗಲವಾಗಿ.

ಮೋಟಾರಿನ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ನಿಮಗೆ ಹೇಳಬೇಕು. ಹೆದರಬೇಡಿ, ನನಗೆ ತಿಳಿದದ್ದೇ ಅಷ್ಟು. ಅಲ್ಲಿ ನಾಲ್ಕು ಕೋಣೆಗಳು. ಒಂದೊಂದರಲ್ಲಿ ಪೆಟ್ರೋಲಿನ ಹಬೆ ತುಂಬಿಕೊಳ್ಳುತ್ತದೆ, ಸರದಿಯಂತೆ ಒಂದೊಂದಕ್ಕೆ ಕಿಡಿ ಬೀಳುತ್ತದೆ, ಬಿದ್ದ ಕೂಡಲೇ ಢಬ್ ಎಂದು ಹಾರಿ ಗಾಲಿಯನ್ನು ನೂಕುತ್ತದೆ. ಕಿಡಿ ಕೊಡುವುದಕ್ಕೆ ಕೋಣೆಗೊಂದು ಪ್ಲಗ್ಗು. ಹೆಬ್ಬೆರಳ ಗಾತ್ರದ, ನೆಟ್ಟಗೆ ನಿಂತ ಬಿಳಿಯ ಪಿಂಗಾಣಿಯ ಗುಬುಟು, ನಡುವೆ ಒಂದು ತಂತಿ. ಮಿಂಚು ಆ ತಂತಿಯಗುಂಟ ಇಳಿದು ತುದಿಯಲ್ಲಿ ಕಿಡಿಯಾಗಬೇಕು. ಅದು ನಡುದಾರಿಯಲ್ಲಿ ಹೊರಗೆ ಹಾರಿ ಓಡಿಹೋಗದಂತೆ ಕಾಯುವುದು ಪಿಂಗಾಣಿಯ ಕೆಲಸ. ಪಿಂಗಾಣಿ ಒಣಗಿ ಸ್ವಚ್ಛವಾಗಿದ್ದರೆ ನಾಲ್ಕೂ ಕೋಣೆ ಹಾಡುತ್ತವೆ: ಢಬ್ ಢಬ್ ಢಬ್ ಢಬ್. ಒಂದಕ್ಕೆ ಕಿಡಿ ತಪ್ಪಿತೋ, ಢಬ್ ಢಬ್ ಢಬ್ ಉಸ್. ಎರಡಕ್ಕೆ ತಪ್ಪಿದರೆ ಮೋಟಾರು ದಮ್ಮು ಹತ್ತಿದ ಮುದುಕನ ಹಾಗೆ ನಾಲ್ಕು ಮಾರು ನಡೆದು ಕೂತುಬಿಡುತ್ತದೆ. ಊರಿನವರು ಇದಕ್ಕೆ ಮೋಟಾರಿನ ಕೆಮ್ಮು ಎಂದು ಹೆಸರಿಟ್ಟರು.

ಕೆಮ್ಮು ಶುರುವಾದದ್ದು ಮಹಾನವಮಿಯ ನಂತರದ ಸೋಮವಾರ. ಖಂಡೇಪೂಜೆಯ ದಿನ ಮಗ್ಗ, ರಾಟಿ, ತಕ್ಕಡಿಗಳ ಜೊತೆಗೆ ಮೋಟಾರಿಗೂ ಪೂಜೆಯಾಗಿತ್ತು. ಮುಚ್ಚಳ ತೆರೆದು ಮನೆಮಂದಿಗೆಲ್ಲ ಅದರ ಒಳಗನ್ನು ತೋರಿಸಿ, ಇದು ಇದು, ಅದು ಅದು ಎಂದು ದೊಡ್ಡ ಭಾಷಣ ಮಾಡಿದ್ದೆ. ನಾಲ್ಕು ದಿನ ಮೋಟಾರು ಹೂವಿನ ಹಾಗೆ ಓಡಿತು. ಸೋಮವಾರ ಬೆಳಿಗ್ಗೆ ಮುಂದೆ ನಿಂತು ಹ್ಯಾಂಡಲು ತಿರುವುತ್ತೇನೆ, ತಿರುವುತ್ತೇನೆ, ಭುಜ ಇಳಿಯಿತು. ಕಡೆಗೆ ಎರಡು ಕೋಣೆಯ ಮೇಲೆ ಕೆಮ್ಮುತ್ತ ಎದ್ದಿತು, ಅಂಗಳ ದಾಟಿ ಪೇಟೆಯ ಬಾಯಿಗೆ ಬಂದು ಸತ್ತಿತು. ಅಲ್ಲಿಂದ ರಿಪೇರಿಗೆ ಒಯ್ಯಬೇಕಾದದ್ದು ಪೇಟೆಯ ಆ ತುದಿಗೆ. ಎತ್ತು ಕಟ್ಟಲೇಬೇಕಾಯಿತು.

ನನಗೆ ಎತ್ತುಗಳ ಮೇಲೆ ಸಿಟ್ಟಿಲ್ಲ. ಆದರೆ ಇಳಕಲ್ಲಿನ ಪೇಟೆಯಲ್ಲಿ, ಸೋಮವಾರ ಬೆಳಿಗ್ಗೆ, ಎತ್ತು ಎಳೆಯುವ ಮೋಟಾರಿನಲ್ಲಿ ಚಕ್ರ ಹಿಡಿದು ನೆಟ್ಟಗೆ ಕೂತವನ ಮುಖ ಹೇಗಿರಬೇಕು ಎಂಬುದನ್ನು ಯಾರೂ ನನಗೆ ಕಲಿಸಿರಲಿಲ್ಲ. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಊರಿನಲ್ಲಿ ಹುಟ್ಟಿದ ಮೇಲೆ ನಾನು ಅಂಥ ಮೌನ ಕೇಳಿದ್ದಿಲ್ಲ. ಅದರ ಹಿಂದೆಯೇ ನಗೆ. ದುರ್ದೈವಕ್ಕೆ ಅಂದು ಗುಡೂರಿನ ನಮ್ಮ ಬೀಗರು ಪೇಟೆಗೆ ಬಂದಿದ್ದರು. ಅಣ್ಣನ ಮಗಳನ್ನು ಅವರ ಮನೆಗೆ ಕೊಟ್ಟಿದೆ. ಬೀಗರೆಂದ ಮೇಲೆ ಚೇಷ್ಟೆಗೆ ಪರವಾನಗಿ ಇದ್ದೇ ಇರುತ್ತದಲ್ಲ.

“ಬೀಗರ, ಇವಕ್ಕ ಪೆಟ್ರೋಲ್ ಕುಡಿಸೀರೋ ಕಣಕಿ ಹಾಕೀರೋ?” ಎಂದು ಎತ್ತಿನ ಬೆನ್ನು ಚಪ್ಪರಿಸುತ್ತ ಕೇಳಿದರು.

ಬೀಗರ ಚೇಷ್ಟೆಯ ಹಿಂದೆ ಕೆಲಸದ ಮಾತೂ ಇತ್ತು. ಅವರು ಗುಡೂರಿನಲ್ಲಿ ಹಿಟ್ಟಿನ ಗಿರಣಿ ಹಾಕುವ ಹಂಚಿಕೆಯಲ್ಲಿದ್ದರು. ಕಲ್ಲು ತಂದಿಟ್ಟಿದ್ದರು, ಕಟ್ಟೆ ಕಟ್ಟಿಸಿದ್ದರು, ತಿರುಗಿಸುವುದಕ್ಕೆ ಇಂಜಿನ್ನು ಒಂದೇ ಬಾಕಿ. ನನ್ನ ಮೋಟಾರಿನ ಇಂಜಿನ್ನನ್ನು ಅವರು ನೋಡುವ ನೋಟ, ಲಗ್ನಕ್ಕೆ ಬಂದ ಮಗನ ತಂದೆ ಹೆಣ್ಣು ನೋಡುವ ನೋಟದ ಹಾಗಿತ್ತು. ಅಣ್ಣನ ಕಿವಿಯಲ್ಲಿ ಅದೇನು ಹೇಳಿದರೋ. ಸಂಜೆ ಅಣ್ಣ, “ತಮ್ಮಾ, ನಡೀಲಾರದ್ದು ಅಂಗಳದಾಗ ಇರೂದಕ್ಕಿಂತ ನಾಕು ಮಂದಿಗೆ ಹಿಟ್ಟರ ಬೀಸಲಿ,” ಅಂದ. ನಾನು ಒಳಗೆ ಹೋಗಿ ದಿನಚರಿ ತೆಗೆದೆ. “ಕೊಡುವುದಿಲ್ಲ” ಎಂದು ಬರೆದೆ.

ಪೇಟೆಯ ಆ ತುದಿಯಲ್ಲಿದ್ದದ್ದು ಮೌಲಾಸಾಬನ ಅಂಗಡಿ. ಮೌಲಾಸಾಬ ಕಲಾಯಿ ಹಾಕುವವನು. ತಾಮ್ರದ ಹಂಡೆ, ಹಿತ್ತಾಳೆಯ ಬೋಗುಣಿ, ಒಡೆದ ದೀಪ, ನಿಂತ ಗಡಿಯಾರ, ಏನು ಕೊಟ್ಟರೂ ತಿರುವಿ ನೋಡಿ, “ಇದಕ್ಕ ಜೀವ ಐತ್ರಿ” ಎನ್ನುವ ಮನುಷ್ಯ. ಅವನು ಮೋಟಾರಿನ ವಿದ್ಯೆ ಕಲಿತದ್ದು ನನ್ನ ಮೋಟಾರಿನ ಮೇಲೆಯೇ. ನಾನೂ ಹಾಗೆಯೇ. ಹೀಗಾಗಿ ನಮ್ಮಿಬ್ಬರಲ್ಲಿ ಗುರು ಯಾರೂ ಇರಲಿಲ್ಲ, ಜಗಳಕ್ಕೆ ಅನುಕೂಲವಾಗಿತ್ತು.

ಮೌಲಾಸಾಬನಿಗೊಂದು ಕ್ರಮವಿದೆ. ಕಲಾಯಿಯವನು ಪಾತ್ರೆ ಕೈಗೆ ಬಂದೊಡನೆ ಮೊದಲು ತಿಕ್ಕಿ ತೊಳೆಯುತ್ತಾನೆ, ಆಮೇಲೆ ನೋಡುತ್ತಾನೆ. ಹೊಲಸಿನ ಮೇಲೆ ತವರ ಹಿಡಿಯುವುದಿಲ್ಲ. ಅವರಪ್ಪನ ಕಾಲದಿಂದ ಬಂದ ಈ ಪದ್ಧತಿಯನ್ನು ಅವನು ಮೋಟಾರಿಗೂ ತಂದ. ಮುಚ್ಚಳ ತೆಗೆದವನೇ ಚಿಮಣಿ ಎಣ್ಣೆಯಲ್ಲಿ ಅರಿವೆ ಅದ್ದಿ ನಾಲ್ಕೂ ಪ್ಲಗ್ಗುಗಳನ್ನು ಥಳಥಳ ಒರೆಸಿ, ಆಮೇಲೆಯೇ ಕಣ್ಣರಳಿಸಿ ರೋಗ ಹುಡುಕುತ್ತಿದ್ದ. ಹುಡುಕಿದರೆ ರೋಗವೇ ಇಲ್ಲ. ಹ್ಯಾಂಡಲು ತಿರುವಿದರೆ ನಾಲ್ಕೂ ಕೋಣೆ ಹಾಡುತ್ತಿದ್ದವು.

“ಏನಾಗಿತ್ತೋ ಮೌಲಾ?”

“ಧೂಳರಿ ಸಾವ್ಕಾರ್ರ. ಬಿಳೇ ಧೂಳು. ಅರಿವಿ ನೋಡ್ರಿಲ್ಲಿ.”

ಬಿಳಿಯ ಧೂಳೆಂದ ಕೂಡಲೇ ನಾನು ಸಿದ್ಧಾಂತ ಕಟ್ಟಿದೆ. ಬಾಗಲಕೋಟೆಯ ಹಾದಿಯಲ್ಲಿ ಸುಣ್ಣದ ಕಲ್ಲು, ಅದರ ಪುಡಿ ಬಿಳಿ. ಬಾದಾಮಿಯ ಕಡೆ ಹೋದರೆ ಕೆಂಪು. ನಮ್ಮ ಎರೆಹೊಲದ ಹಾದಿ ಕಪ್ಪು. ಈ ಸೀಮೆಯಲ್ಲಿ ಮನುಷ್ಯ ಎಲ್ಲಿಂದ ಬಂದ ಎಂದು ಅವನ ಧೋತರದ ಅಂಚು ನೋಡಿ ಹೇಳಬಹುದು ಎಂದು ಮೌಲಾಸಾಬನಿಗೆ ಅರ್ಧ ತಾಸು ಹೇಳಿದೆ. ಅವನು ತಿದಿ ಒತ್ತುತ್ತ ಹೌದ್ರಿ ಹೌದ್ರಿ ಎಂದ. ಮುಂದಿನ ವಾರ ಬಾದಾಮಿಗೆ ಹೋಗಿ ಬಂದೆ. ಮೋಟಾರು, ನಾನು, ಸೀರೆಯ ಗಂಟು ಎಲ್ಲ ಕೆಂಪಾಗಿದ್ದೆವು. ಮರುದಿನದ ಸೋಮವಾರ ಮತ್ತೆ ಕೆಮ್ಮು. ಅಂಗಳದಲ್ಲಿಯೇ ಮೌಲಾಸಾಬನನ್ನು ಕರೆಸಿ ಒರೆಸಿದರೆ ಅರಿವೆಗೆ ಹತ್ತಿದ್ದು ಮತ್ತೆ ಬಿಳಿ. ನನ್ನ ಸಿದ್ಧಾಂತ ಆವತ್ತೇ ಸತ್ತಿತು. ಪ್ಲಗ್ಗುಗಳನ್ನು ನಾನೂ ಒರೆಸುವ ಮೊದಲು ಬಗ್ಗಿ ನೋಡಿದ್ದೆ. ಬಿಳಿಯ ಪಿಂಗಾಣಿಯ ಮೇಲೆ ಬಿಳಿಯದು ಕಂಡೀತು ಹೇಗೆ?

ಆಮೇಲಿನ ದಿನಗಳಲ್ಲಿ ನಾವು ಮಾಡದ ಮದ್ದಿಲ್ಲ. ಕಿಡಿ ಹುಟ್ಟಿಸುವ ಕಟ್ಟಿಗೆಯ ಪೆಟ್ಟಿಗೆ ತೇವ ಹೀರಿದೆ ಎಂದು ಬಿಚ್ಚಿ ತಂದು ಒಲೆಯ ಪಕ್ಕ ಒಣಗಲಿಟ್ಟೆ. ನನ್ನಾಕೆ, “ಅದು ರೊಟ್ಟಿ ತಿಂತೈತೇನು, ಪಂಕ್ತಿಗೆ ಕುಂದ್ರಸೀರಿ?” ಎಂದಳು. ತಂತಿಗಳಿಗೆ ಹೊಸ ರೇಷ್ಮೆ ಸುತ್ತಿದೆ. ಯಾವ ಕೋಣೆ ಸತ್ತಿದೆ ಎಂದು ನೋಡಲು ಮೋಟಾರು ಓಡುತ್ತಿರುವಾಗ ಕಟ್ಟಿಗೆಯ ಹಿಡಿಕೆಯ ತಿರುಪುಳಿಯಿಂದ ಒಂದೊಂದೇ ಪ್ಲಗ್ಗಿನ ಮಿಂಚು ತಪ್ಪಿಸಿ ಸಪ್ಪಳ ಕೇಳಬೇಕು. ತಪ್ಪಿಸಿದಾಗ ಸಪ್ಪಳ ಬದಲಾಗದಿದ್ದರೆ ಅದೇ ಸತ್ತ ಕೋಣೆ. ಇದನ್ನು ನಾನಾಗಿಯೇ ಕಂಡುಹಿಡಿದೆನೆಂಬ ಜಂಬದಲ್ಲಿ ಒಮ್ಮೆ ಹಿಡಿಕೆ ಬಿಟ್ಟು ಕಬ್ಬಿಣ ಹಿಡಿದೆ. ಮೊಣಕೈಯವರೆಗೆ ಚೇಳು ಹತ್ತಿದಂತಾಗಿ ಬಾವಿಕಟ್ಟೆಯ ಮೇಲೆ ಹೋಗಿ ಕೂತೆ. ಬಾಗಲಕೋಟೆಯ ಸ್ಟೇಶನ್ನಿನ ಬದಿಯ ಮಿಸ್ತ್ರಿಯೊಬ್ಬ ನೋಡಿ, ಒಳಗಿನದೆಲ್ಲ ತೆಗೆದೊಗೆದು ಮುಂಬಯಿಯಿಂದ ಹೊಸದು ತರಿಸಬೇಕೆಂದ. ಒಳಗಿನದೆಲ್ಲ ಹೊಸದಾದರೆ ನನ್ನದೆನ್ನುವುದು ಯಾವುದು ಉಳಿಯಿತು? ಒಲ್ಲೆ ಎಂದು ಬಂದೆ.

ಎರಡನೆಯ ಸಲ ಎತ್ತು ಕಟ್ಟಿದ್ದು ದೀಪಾವಳಿಯ ಮುಂದಿನ ಸೋಮವಾರ. ಸ್ಟೇಶನ್ನಿಗೆ ಹೋಗಬೇಕಾದ ಸೀರೆಯ ಗಂಟು ಹಿಂದೆ, ನಾನು ಮುಂದೆ, ನನ್ನ ಮುಂದೆ ಮತ್ತೆ ಅವೇ ಎರಡು ಬಾಲಗಳು. ಈ ಸಲ ಯಾರೂ ನಗಲಿಲ್ಲ. ಅಯ್ಯೋ ಪಾಪ ಎಂದರು. ನಗೆಯನ್ನು ತಡೆದುಕೊಳ್ಳಬಹುದು, ಅಯ್ಯೋ ಪಾಪವನ್ನು ತಡೆದುಕೊಳ್ಳುವುದು ಹೇಗೆ? ಅಣ್ಣ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: “ಎರಡಾತು. ಮೂರನೇ ಸಲ ಇದಕ್ಕ ಎತ್ತು ಕಟ್ಟಿದಿ ಅಂದ್ರ, ಆ ಎತ್ತು ಹಂಗ ಗುಡೂರಿಗೆ ಎಳಕೊಂಡು ಹೋಗಲಿ. ಇಂಜಿನ್ ಬೀಗರಿಗೆ.” ಬೀಗರಿಗೆ ಸುದ್ದಿ ಮುಟ್ಟುವುದಕ್ಕೆ ಒಂದು ಹಗಲು ಸಾಕಾಯಿತು.

ಆ ದಿನಗಳಲ್ಲಿ ನನಗೆ ಐಹೊಳೆ ನೆನಪಾಗುತ್ತಿತ್ತು. ಸೀರೆ ತೆಗೆದುಕೊಂಡು ಅಲ್ಲಿಗೆ ಹೋದಾಗ ಒಂದು ಹಳೆಯ ಗುಡಿಯೊಳಗೇ ಸಂಸಾರ ಹೂಡಿದವರ ಮನೆಯಲ್ಲಿ ಊಟ ಮಾಡುತ್ತೇನೆ. ಕೆತ್ತಿದ ಕಂಬಕ್ಕೆ ಎಮ್ಮೆ, ಗರ್ಭಗುಡಿಯಲ್ಲಿ ಜೋಳದ ಚೀಲ. ಊಟವಾದ ಮೇಲೆ ಸುತ್ತ ಅಡ್ಡಾಡಿದರೆ ಒಂದು ಗುಡಿಯ ಹಾಗೆ ಇನ್ನೊಂದಿಲ್ಲ. ಒಂದರ ಬೆನ್ನು ದುಂಡಗೆ, ಒಂದರ ಮಾಡು ಚಪ್ಪಟೆ, ಒಂದರ ಮೇಲೆ ಶಿಖರ ಏರಿಸಲು ಹೋಗಿ ಯಾಕೋ ಬಿಟ್ಟಂತಿದೆ. ಕಲ್ಲುಕುಟಿಗರು ಒಂದು ಕಟ್ಟಿ ನೋಡಿದ್ದಾರೆ, ಒಪ್ಪಲಿಲ್ಲ, ಪಕ್ಕದಲ್ಲಿ ಇನ್ನೊಂದು ಕಟ್ಟಿದ್ದಾರೆ. ಅವರ ಅಣ್ಣಂದಿರೂ ಮೆಟ್ಟಿಲ ಮೇಲೆ ನಿಂತು ಎರಡಾತು ಎಂದಿರಬೇಕು. ಅವರು ಮೂರನೆಯದಕ್ಕೆ ಕಲ್ಲು ತಂದರು. ನಾನು ಎಣ್ಣೆಯ ಅರಿವೆ ತಂದೆ.

ಇಷ್ಟರಲ್ಲಿ ಅವ್ವ ಒಂದು ಮಾತು ತೆಗೆದಳು. ಕಾರ್ತಿಕದ ಕಡೆಯ ಸೋಮವಾರ ಮಹಾಕೂಟಕ್ಕೆ ಹೋಗಬೇಕು, ಹೊಂಡದಲ್ಲಿ ಮಿಂದು ದರ್ಶನ ಮಾಡಬೇಕು. ಅದೂ ಮೋಟಾರಿನಲ್ಲಿ. ಅವ್ವನ ಮಾತಿಗೆ ಅಣ್ಣನಲ್ಲಿ ಎದುರು ಮಾತಿಲ್ಲ. ಆದರೆ ನನ್ನ ಕಡೆ ತಿರುಗಿ, “ಹಾದಿ ಗುಡೂರ ಮ್ಯಾಲೇ ಐತಿ. ನಾನೂ ಬರ್ತೇನಿ. ಛಲೋನ ಆತು,” ಎಂದ. ಕೆಟ್ಟು ನಿಂತರೆ ಎತ್ತು ಬೀಗರ ಊರಲ್ಲೇ ಸಿಗುತ್ತವೆ ಎಂಬುದು ಆ ಛಲೋದ ಅರ್ಥ.

ಸೋಮವಾರ ಎಂಬ ಶಬ್ದ ಕಿವಿಯಲ್ಲಿ ಉಳಿಯಿತು. ದಿನಚರಿ ತೆಗೆದು ಕೂತೆ. “ಗುರುವಾರ. ಇಬ್ಬನಿ ಭಾಳ. ಮೋಟಾರು ಸುರಳೀತ. ಪುಂಡಿಪಲ್ಯ.” ಹಾಗಾದರೆ ಇಬ್ಬನಿಯದು ತಪ್ಪಿಲ್ಲ. “ಸೋಮವಾರ. ಒಣ ಗಾಳಿ. ಎರಡು ಕೋಣೆ ಸತ್ತವು.” “ಶನಿವಾರ. ಹುನಗುಂದಕ್ಕೆ ಹೋಗಿಬಂದೆ, ಕೆಮ್ಮಿಲ್ಲ.” “ಸೋಮವಾರ. ಅಣ್ಣ ಮಾತು ಬಿಟ್ಟಿದ್ದಾನೆ.” ಹಾಳೆ ತಿರುವಿದಷ್ಟೂ ಸೋಮವಾರ. ಅಣ್ಣ ಮೊದಲೇ ಚೇಷ್ಟೆ ಮಾಡಿದ್ದ, ನಿನ್ನ ಮೋಟಾರು ಸೋಮವಾರ ಒಪ್ಪತ್ತು ಮಾಡುತ್ತದೆಂದು. ಕಬ್ಬಿಣಕ್ಕೆ ವಾರ ತಿಳಿಯುತ್ತದೆ ಎಂಬುದನ್ನು ಮಾತ್ರ ನಾನು ಒಪ್ಪಲು ತಯಾರಿರಲಿಲ್ಲ. ವಾರ ತಿಳಿಯುವುದು ಮನುಷ್ಯರಿಗೆ.

ಕಡೆಯ ಸೋಮವಾರಕ್ಕೆ ಒಂದು ವಾರ ಮೊದಲು, ಬೆಳಗಿನ ಜಾವ ಮಗ್ಗಗಳು ಏಳುವ ಮುನ್ನ, ಮೋಟಾರು ನಿಲ್ಲಿಸುವ ತಗಡಿನ ಛಪ್ಪರದಲ್ಲಿ ಹುಲ್ಲಿನ ಗೊಣಬೆಯ ಹಿಂದೆ ಕೂತೆ. ಮೂಡಲಲ್ಲಿ ಬೆಳಕು ಹರಿಯಿತು. ಬಾಗಿಲು ಸರಿಯಿತು. ಮಿಂದು ಮಡಿಯುಟ್ಟ ಅವ್ವ ಬಂದಳು, ಕೈಯಲ್ಲಿ ತಟ್ಟೆ. ಮೋಟಾರಿನ ಮುಚ್ಚಳದ ಕೊಂಡಿ ನನಗೇ ಮೂರು ಸಲ ಜಗ್ಗಿದರೆ ಬಿಡುತ್ತದೆ. ಆಕೆ ಒಂದೇ ಕೈಯಲ್ಲಿ ಬಿಡಿಸಿ ಮುಚ್ಚಳ ಎತ್ತಿದಳು. ವಿಭೂತಿಗಟ್ಟಿಗೆ ನೀರು ಹಚ್ಚಿ ತೇಯ್ದು, ನಾಲ್ಕೂ ಬಿಳಿಯ ಪ್ಲಗ್ಗುಗಳಿಗೆ ಒಂದೊಂದಕ್ಕೆ ಹೆಬ್ಬೆರಳಿಂದ ಮೆತ್ತಿ ಹಚ್ಚಿ, ಮೇಲೆ ನಾಲ್ಕು ಹನಿ ನೀರು ಬಿಟ್ಟು, ಕಣ್ಣು ಮುಚ್ಚಿ ಕೈ ಮುಗಿದಳು.

ನಾನು ಗೊಣಬೆಯ ಹಿಂದಿನಿಂದ ಎದ್ದೆ. ಹೆದರಲಿಲ್ಲ ಆಕೆ. ಗದರಿದಳು.

“ಅಲ್ಲೇನ ಮಾಡಾಕ ಹತ್ತೀಯೋ? ಮೈ ತೊಳಕೊಂಡೀ ಇಲ್ಲೋ?”

“ಯವ್ವಾ, ನೀ ಏನ ಮಾಡಾಕ ಹತ್ತಿ?”

“ಕಣ್ಣಿಲ್ಲೇನ ನಿನಗ? ಬೆಳ್ಳಗ ನಾಕು ಲಿಂಗ ಅದಾವ ಒಳಗ. ಇಟಕೊಂಡು ಅಡ್ಡಾಡತೀ, ಒಂದಿನರ ಕೈ ಮುಗದೀಯೇನ? ಖಂಡೇಪೂಜಿ ದಿನ ನೀನ ಹೇಳಿದ್ದಿ, ಈ ನಾಕರಾಗ ಇದರ ಜೀವ ಐತಿ ಅಂತ.”

ಹೇಳಿದ್ದೆ. ಅದೇ ಆ ದೊಡ್ಡ ಭಾಷಣದಲ್ಲಿ. ಹಸಿಯ ವಿಭೂತಿ ಪಿಂಗಾಣಿಯನ್ನು ಮುಚ್ಚಿದರೆ ಮಿಂಚಿಗೆ ಅದೇ ಹೆದ್ದಾರಿ. ಒಳಗಿಳಿದು ಕಿಡಿಯಾಗುವುದನ್ನು ಬಿಟ್ಟು ಹೊರಗಿಂದಲೇ ಹರಿದು ಹೋಗುತ್ತದೆ. ಇದನ್ನು ಅವ್ವನಿಗೆ ಹೇಳಿದೆ. ಆಕೆ ಕೇಳಿದಳು, ತಟ್ಟೆ ಕೆಳಗಿಟ್ಟಳು. ಆಮೇಲೆ, “ಹಂಗಾರ ನಾನ ಕೆಡಸಿದ್ನೇನು ನಿನ್ನ ಗಾಡಿ?” ಎಂದಳು. ಆ ದನಿ ಕೇಳಿ ನನಗೆ ಪೇಟೆಯ ಅಯ್ಯೋ ಪಾಪವೇ ಲೇಸೆನ್ನಿಸಿತು.

ಈಗ ನನ್ನ ಕೈಯಲ್ಲಿ ಎರಡು ದಾರಿ ಇದ್ದವು. ಅಂಗಡಿಯ ಮೆಟ್ಟಿಲ ಮುಂದೆ ನಿಂತು, ಮೋಟಾರಿನಲ್ಲಿ ದೋಷವಿಲ್ಲ, ನಮ್ಮವ್ವ ವಿಭೂತಿ ಹಚ್ಚಿದ್ದಕ್ಕೆ ಕೆಟ್ಟಿತ್ತು ಎಂದರೆ ಇಂಜಿನ್ನು ಉಳಿಯುತ್ತದೆ. ಆದರೆ ಬೀಗರ ಬಾಯಿಗೆ ಅವ್ವ ಸಿಗುತ್ತಾಳೆ. ಇನ್ನೊಂದು ದಾರಿ, ಬಾಯಿ ಮುಚ್ಚಿಕೊಂಡು ಕಡೆಯ ಸೋಮವಾರ ಗುಡೂರಿನ ಮುಂದೆ ಹಾಯ್ದು ಮಹಾಕೂಟ ಮುಟ್ಟುವುದು. ನನ್ನನ್ನು ನೋಡಿ ನಗುವವರು ನಗಲಿ, ರೂಢಿಯಾಗಿದೆ. ಅವ್ವನನ್ನು ನೋಡಿ ನಗಬಾರದು. ಮೌಲಾಸಾಬನಿಗೆ ಮಾತ್ರ ಹೇಳಿದೆ. ಅವನು ಎಣ್ಣೆಯ ಅರಿವೆಯನ್ನು ದಿಟ್ಟಿಸಿ ನೋಡಿ, “ತೋಬಾ ತೋಬಾ, ಇಷ್ಟು ದಿವಸ ನಾ ಧೂಳು ಅಂತ ಒರಸಿದ್ದು ಇದನ್ನೇನ್ರಿ?” ಎಂದು ಅದನ್ನು ಮಡಚಿ ಯಾರ ಕಾಲಿಗೂ ಸಿಗದಂತೆ ಮೇಲಿನ ಗೂಟಕ್ಕೆ ಹಾಕಿದ. ಇವತ್ತಿಗೂ ಅಲ್ಲೇ ಇದೆ.

ಅವ್ವನೊಡನೆ ಸಂಧಾನ ಸುಲಭವಿರಲಿಲ್ಲ. ವಿಭೂತಿ ಬಿಡು ಎಂದರೆ ಬಿಡುವವಳಲ್ಲ. “ಯವ್ವಾ, ಇವು ಒಳಗಿನ ಕರಳು. ಕರಳಿಗೆ ಯಾರರ ವಿಭೂತಿ ಹಚ್ಚತಾರೇನು? ಇದಕ್ಕ ಹಣಿ ಮುಂದೈತಿ ನೋಡು, ಹಿತ್ತಾಳಿದು,” ಎಂದೆ. ಹಿತ್ತಾಳೆಯ ಮುಖವನ್ನು ಹೊಸದಾಗಿ ನೋಡುವಂತೆ ನೋಡಿ, “ಹಣಿ ಅಗಲ ಐತಿ ಖರೆ,” ಎಂದಳು. ಬಿಡುತ್ತೇನೆ ಎನ್ನಲಿಲ್ಲ. ನೋಡೋಣ ಎಂದಳು. ನಾನು ಅದನ್ನೇ ಹೂಂ ಎಂದು ತಿಳಿದೆ. ಮಕ್ಕಳು ಮಾಡುವ ತಪ್ಪು.

ಕಡೆಯ ಸೋಮವಾರ ಬೆಳಿಗ್ಗೆ ಹಿತ್ತಾಳೆಯ ಹಣೆಯ ಮೇಲೆ ಮೂರು ಬೆರಳಿನ ಅಗಲ ಪಟ್ಟೆ ಬಿದ್ದವು. ಹ್ಯಾಂಡಲಿನ ಒಂದೇ ತಿರುವಿಗೆ ನಾಲ್ಕೂ ಕೋಣೆ ಎದ್ದವು. ಅಣ್ಣ ನನ್ನ ಪಕ್ಕ, ಅವ್ವ ಹಿಂದೆ ಬುತ್ತಿಯ ಗಂಟಿನೊಡನೆ, ಮೌಲಾಸಾಬ ಹೊರಗಿನ ಪಾವಟಿಗೆಯ ಮೇಲೆ ನಿಂತು. ಪೇಟೆ ದಾಟುವಾಗ ಮಗ್ಗಗಳು ನಿಲ್ಲಲಿಲ್ಲ. ಅದೇ ನನಗೆ ಸಿಕ್ಕ ಮರ್ಯಾದೆ. ಎರೆಹೊಲದಲ್ಲಿ ಜೋಳ ಮೊಣಕಾಲಿನವರೆಗೆ ಬಂದಿತ್ತು. ಅಣ್ಣ ಸಪ್ಪಳ ಎಣಿಸುತ್ತಿದ್ದ. ಅವನೂ ಆ ಊರಿನಲ್ಲೇ ಹುಟ್ಟಿದವನಲ್ಲವೇ.

ಗುಡೂರು ಇನ್ನೇನು ಕಾಣುತ್ತದೆ ಎನ್ನುವಲ್ಲಿ ಒಂದು ಬಾವಿ. ಮೋಟಾರಿಗೆ ನೀರು ಹಾಕಲು ನಿಲ್ಲಿಸಿ, ಬಿಸಿ ಆರಲೆಂದು ಮುಚ್ಚಳ ತೆರೆದಿಟ್ಟು, ನಾನೂ ಮೌಲಾಸಾಬನೂ ಕೊಡ ಹಿಡಿದು ಇಳಿದೆವು. ಅಣ್ಣ ಬೇವಿನ ನೆರಳಿಗೆ ಹೋದ. ನೀರು ಹಾಕಿ, ಮುಚ್ಚಳ ಮುಚ್ಚಿ, ಹ್ಯಾಂಡಲು ತಿರುವಿ, ಅಣ್ಣನೂ ನಾನೂ ಹತ್ತಿ ಕೂತೆವು. ಢಬ್ ಢಬ್ ಢಬ್ ಉಸ್.

“ಒಂದು ತಪ್ಪತೈತಲ್ಲೋ,” ಎಂದ ಅಣ್ಣ.

ನಾನು ಹಿಂದಿರುಗಿ ನೋಡಿದೆ. ಅವ್ವ ಜೋಳದ ಹೊಲ ನೋಡುತ್ತಿದ್ದಳು. ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು. ಆಕೆಯ ಬಲಗೈ ಹೆಬ್ಬೆರಳು ಬೆಳ್ಳಗಿತ್ತು. ನಾನು ನೋಡಿದ್ದು ತಿಳಿದು ಮೆಲ್ಲಗೆ, ನನಗಷ್ಟೇ ಕೇಳುವಂತೆ, “ಮೂರು ಬಿಟ್ಟೀನಿ. ಒಂದು ಬಿಡಾಕ ಮನಸ್ಸು ಬರಲಿಲ್ಲ,” ಎಂದಳು.

ಇಳಿದು ಒರೆಸಿದರೆ ಎರಡು ನಿಮಿಷದ ಕೆಲಸ. ಆದರೆ ಪಕ್ಕದಲ್ಲಿ ಅಣ್ಣ, ಅವನ ಕಣ್ಣೆದುರು ಅವ್ವನ ವಿಭೂತಿ ಒರೆಸಬೇಕು, ಯಾಕೆಂದು ಹೇಳಬೇಕು. ಒರೆಸಲಿಲ್ಲ. ಮೂರರ ಮೇಲೆ ಹೊರಟೆ.

ಗುಡೂರಿನ ಹತ್ತಿರ ಹಾದಿ ಏರು. ಆ ಏರಿನ ಬುಡದಲ್ಲಿ ಬೀಗರು ಪಟಗ ಸುತ್ತಿಕೊಂಡು, ಜೋಡಿ ಎತ್ತಿಗೆ ನೊಗ ಹೂಡಿ, ಹಗ್ಗ ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಹೊಲಕ್ಕೆ ಹೊರಟವರ ಹಾಗೆ ಕಾಣಿಸಿಕೊಳ್ಳುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ. ಮೋಟಾರು ಏರು ಹತ್ತತೊಡಗಿತು. ಮೂರು ಕೋಣೆಯ ಶಕ್ತಿ, ನಾಲ್ಕು ಜನರ ಭಾರ. ವೇಗ ಇಳಿಯಿತು, ಇನ್ನೂ ಇಳಿಯಿತು, ಎತ್ತಿನ ನಡಿಗೆಗೆ ಸರಿಯಾಗಿ ಬಂದು ನಿಂತಿತು. ಬೀಗರು ಎತ್ತು ಹೊಡೆದುಕೊಂಡು ಮೋಟಾರಿನ ಪಕ್ಕಕ್ಕೆ, ಅಣ್ಣನ ಮಗ್ಗುಲಿಗೆ, ಹರಟೆ ಹೊಡೆಯುತ್ತ ನಡೆಯತೊಡಗಿದರು. ಹೀಗೆ ಒಂದು ಜೋಡಿ ಎತ್ತು, ಒಂದು ಮೋಟಾರು ಮೆರವಣಿಗೆಯ ಹಾಗೆ ಗುಡೂರಿನ ಏರು ಹತ್ತುವುದನ್ನು ಊರೆಲ್ಲ ನಿಂತು ನೋಡಿತು.

“ಆರಾಮರಿ ಬೀಗರ? ಹಗ್ಗ ಹೊಸಾದು ತಂದೀನಿ. ಕಟ್ಟಲೇನು?”

ಅಣ್ಣ ಏರಿನ ತುದಿಯನ್ನೇ ನೋಡುತ್ತಿದ್ದ.

“ನಿಲ್ಲಸಬ್ಯಾಡ,” ಎಂದಳು ಹಿಂದಿನಿಂದ ಅವ್ವ.

ಮೌಲಾಸಾಬ ಪಾವಟಿಗೆಯಿಂದ ಹಾರಿ ನೂಕತೊಡಗಿದ. ಇನ್ನು ಇಪ್ಪತ್ತು ಮಾರು ಏರು ಉಳಿದಿತ್ತು. ಮೋಟಾರು ಒಮ್ಮೆ ಉಸಿರೆಳೆಯಿತು. ಬೀಗರು ಹಗ್ಗ ಬಿಚ್ಚುತ್ತ ನಕ್ಕು ಅಂದರು: “ಬಿಡ್ರಿ ಬೀಗರ, ನಾಚಿಕಿ ಯಾಕ? ನಿಮ್ಮ ಮನಿತನ ಮೊದಲಿಂದ ಮಂದಿ ಎತ್ತಿನ ಮ್ಯಾಲೇ ನಡದೈತಿ.”

ಅಣ್ಣ ಶಲ್ಯ ತೆಗೆದು ಅವ್ವನ ತೊಡೆಯ ಮೇಲಿಟ್ಟ. ಇಂಜಿನ್ನು ಇನ್ನು ಬೀಗರಿಗೆ ಎಂದುಕೊಂಡೆ. ಅವನು ಕೆಳಗಿಳಿದ. ಅಂಗಡಿಯ ಮೆಟ್ಟಿಲು ಬಿಟ್ಟು ಇಳಿಯದ, ನೀರಿನ ತಂಬಿಗೆಯನ್ನೂ ಕೈಗೆ ಕೊಡಿಸಿಕೊಳ್ಳುವ ನನ್ನ ಅಣ್ಣ ಧೋತರ ಎತ್ತಿ ಕಟ್ಟಿ, ಹಿಂದೆ ಹೋಗಿ, ಮೌಲಾಸಾಬನ ಪಕ್ಕ ಮೋಟಾರಿಗೆ ಹೆಗಲು ಕೊಟ್ಟ.

“ಎತ್ತು ಕಟ್ಟಿದ್ರ ಅಂತ ಮಾತಿತ್ತು ಬೀಗರ,” ಎಂದು ಏದುಸಿರು ಬಿಡುತ್ತ ಹೇಳಿದ. “ನಾ ಹೆಗಲು ಕೊಟ್ರ ಅಂತ ಇರಲಿಲ್ಲ. ಸರೀರಿ, ಹಾದಿ ಬಿಡ್ರಿ!”

ಏರು ಮುಗಿಯಿತು. ಇಳಿಜಾರು ಬಂತು. ಬೀಗರು, ಎತ್ತುಗಳು, ಹೊಸ ಹಗ್ಗ ಹಿಂದೆ ಸಣ್ಣದಾಗುತ್ತ ಹೋದವು. ಅಣ್ಣನೂ ಮೌಲಾಸಾಬನೂ ಓಡಿ ಬಂದು ಹತ್ತಿಕೊಂಡರು. ಮಲಪ್ರಭೆಯ ತಗ್ಗು ನೀರನ್ನು ದಾಟಿ, ಪಟ್ಟದಕಲ್ಲಿನ ಗುಡಿಗಳು ಹಿಂದೆ ಬಿದ್ದ ಮೇಲೆ, ಇಂಜಿನ್ನಿನ ಬಿಸಿಗೆ ಆ ಹಸಿ ವಿಭೂತಿ ಒಣಗಿತೋ ಏನೋ, ತಪ್ಪಿದ ನಾಲ್ಕನೆಯದು ಒಮ್ಮೆ ತಡವರಿಸಿ, ಒಮ್ಮೆ ಕೆಮ್ಮಿ, ಉಳಿದ ಮೂರರ ಜೊತೆ ಕೂಡಿಕೊಂಡಿತು.

“ನಾಕು,” ಎಂದ ಅಣ್ಣ.

“ನೋಡಿದ್ಯಾ?” ಎಂದಳು ಅವ್ವ. ಯಾರಿಗೆ ಹೇಳಿದಳೋ ತಿಳಿಯಲಿಲ್ಲ.

ಮಹಾಕೂಟದಲ್ಲಿ ಹೊಂಡದ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದಾಗ ಅಣ್ಣ ಕೇಳಿದ, ಇಷ್ಟು ದಿವಸ ಇದಕ್ಕೆ ರೋಗ ಏನಿತ್ತು ಎಂದು. ಧೂಳು ಎಂದೆ. ಮೌಲಾಸಾಬ ದೂರದಿಂದಲೇ, ಹೌದ್ರಿ ಭಾಳ ಧೂಳು ಎಂದ. ಅಣ್ಣ ರೊಟ್ಟಿ ಮುರಿಯುತ್ತ ಅವ್ವನ ಹೆಬ್ಬೆರಳನ್ನು ನೋಡಿದ. “ಬಿಳೇ ಧೂಳು,” ಎಂದ. ಮುಂದೆ ಕೇಳಲಿಲ್ಲ. ಇಂಜಿನ್ನಿನ ಮಾತನ್ನು ಆಮೇಲೆ ಎಂದೂ ಎತ್ತಲಿಲ್ಲ. ಬೀಗರು ಮುಂಬಯಿಯಿಂದ ಬೇರೆ ಇಂಜಿನ್ನು ತರಿಸಿದರು. ಗಿರಣಿ ಚೆನ್ನಾಗಿ ನಡೆದಿದೆ. ವಾರಕ್ಕೆರಡು ಸಲ ಕೆಮ್ಮುತ್ತದೆಂದು ಕೇಳಿದ್ದೇನೆ. ಮೌಲಾಸಾಬ ಹೋಗಿ ಒರೆಸಿ ಬರುತ್ತಾನೆ.

ಇಷ್ಟೆಲ್ಲ ಬರೆದು ಅವ್ವನಿಗೆ ಓದಿ ತೋರಿಸಿದೆ. ಇದು ಅಚ್ಚಾದರೆ ನಿನ್ನ ಮಾತು ಊರಿಗೆಲ್ಲ ತಿಳಿಯುತ್ತದೆ, ಬೇಡವೆಂದರೆ ಹರಿದು ಹಾಕುತ್ತೇನೆ ಎಂದೆ. “ನಾ ಏನ ಕಳವು ಮಾಡೀನೇನು? ಹಾಕು. ಬೀಗರಿಗೊಂದು ಕಳಿಸಿಕೊಡು,” ಎಂದಳು.

ಈಗಲೂ ಸೋಮವಾರ ಬೆಳಿಗ್ಗೆ ಮೋಟಾರಿನ ಮುಚ್ಚಳ ತೆರೆಯುತ್ತದೆ. ನಾಲ್ಕರಲ್ಲಿ ಒಂದು ಅವ್ವನದು ಎಂದು ನಮ್ಮಲ್ಲಿ ಒಪ್ಪಂದವಾಗಿದೆ. ಹುನಗುಂದದ ದಾರಿಯಲ್ಲಿ ನೀವು ಸೋಮವಾರ ನನ್ನನ್ನು ಕಂಡರೆ, ನಿಮ್ಮ ಮೋಟಾರಿನಲ್ಲಿ ಒಂದು ತಪ್ಪುತ್ತಿದೆ ಎಂದು ಕೂಗಿ ಹೇಳಬೇಡಿ. ಬಹಳ ಜನ ಹೇಳುತ್ತಾರೆ. ನನಗೆ ಎಣಿಸಲು ಬರುತ್ತದೆ. ಢಬ್ ಢಬ್ ಢಬ್, ಆಮೇಲೊಂದು ಸಣ್ಣ ಬಿಡುವು. ಆ ಬಿಡುವಿನ ಜಾಗದಲ್ಲಿ ಅವ್ವ ಕಣ್ಣು ಮುಚ್ಚಿ ಕೈ ಮುಗಿದು ನಿಂತಿರುತ್ತಾಳೆ. ಅದನ್ನು ರಿಪೇರಿ ಮಾಡಿಸುವ ವಿಚಾರ ನನಗಿಲ್ಲ.